ಅದೂ ಸ್ಟ್ರಾಂಗ್ ಕಾಫಿಯಂತೆಯೇ ಎನ್ನುತ್ತಾನೆ ಮಗ, ನಿಜವೇ?

ಪ್ರಶ್ನೆ: ಗೋಣಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಮಗ ಬೆಂಗಳೂರಿನಲ್ಲಿ ಓದುತ್ತಾನೆ. ರಜೆಗೆ ಬಂದವನು, ಪಾರ್ಟಿಗಳಲ್ಲಿ ಸಿಗುವ ‘ಎಂ.ಡಿ.’ ಪುಡಿಯ ಮಾತು ಬಂದಾಗ, “ಕಾಫಿಯೂ ಉತ್ತೇಜಕವೇ ಅಲ್ಲವೇ ಅಮ್ಮಾ, ಇದು ಇನ್ನೂ ಸ್ವಲ್ಪ ಸ್ಟ್ರಾಂಗ್ ಅಷ್ಟೇ” ಎಂದ. ಹೌದೇ?

ಉತ್ತರ: ಅಲ್ಲ, ಖಂಡಿತ ಅಲ್ಲ.

ದಣಿದಾಗ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಹೆಚ್ಚುತ್ತಾ ‘ಸಾಕು, ಮಲಗು’ ಎನ್ನುತ್ತದೆ. ಕಾಫಿಯಲ್ಲಿರುವ ಕೆಫೀನ್ ಮಾಡುವುದಿಷ್ಟೇ: ಸ್ವಲ್ಪ ಹೊತ್ತು ಆ ಮಾತು ಕಿವಿಗೆ ಬೀಳದಂತೆ ತಡೆಯುತ್ತದೆ. ರೊಬಸ್ಟಾ ತಳಿಯ ಕಾಫಿಯಲ್ಲಿ ಅರೇಬಿಕಾ ತಳಿಯ ಸುಮಾರು ಎರಡು ಪಟ್ಟು ಕೆಫೀನ್ ಇದ್ದರೂ ಅದರ ಕೆಲಸ ಬೇರೆಯಾಗುವುದಿಲ್ಲ. ಎಂ.ಡಿ. ಹೆಸರಿನಲ್ಲಿ ಸಾಮಾನ್ಯವಾಗಿ ಮಾರುವುದು ಮೆಫೆಡ್ರೋನ್. ಅದು ನರಕೋಶಗಳಲ್ಲಿ ಕೂಡಿಟ್ಟ ಡೋಪಮಿನ್, ಸೆರೊಟೋನಿನ್, ನಾರ್‌ಅಡ್ರಿನಲಿನ್‌ ಎಂಬ ಉಲ್ಲಾಸ, ಉದ್ರೇಕ ತರುವ ರಾಸಾಯನಿಕಗಳನ್ನು ಒಮ್ಮೆಲೇ ಹೊರಚೆಲ್ಲಿಸುತ್ತದೆ. ಉಲ್ಲಾಸ ಬೇಗ ಇಳಿಯುತ್ತದೆ, ಇನ್ನಷ್ಟು ಬೇಕೆನಿಸುತ್ತದೆ, ಒಂದೇ ರಾತ್ರಿಯಲ್ಲಿ ಹಲವು ಸಲ ಸೇವನೆಯಾಗುತ್ತದೆ. ಆಮೇಲೆ ನಿದ್ದೆಗೆಟ್ಟು ಮನಸ್ಸು ಕುಗ್ಗುತ್ತದೆ. ಕೆಲವರಿಗೆ ಯಾರೋ ಬೆನ್ನು ಹತ್ತಿದ್ದಾರೆ ಎಂಬ ಸಂಶಯ, ಇಲ್ಲದ ದನಿಗಳು.

ಮೆಫೆಡ್ರೋನ್ ಅನ್ನು ಮೊದಲು ತಯಾರಿಸಿದ್ದು 1929ರಲ್ಲಿ. ಭಾರತದಲ್ಲಿ ಅದು ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯಡಿ ಬಂದದ್ದು 2015ರಲ್ಲಿ. ಒಂದನ್ನು ನಿಷೇಧಿಸಿದರೆ ಅಣುರಚನೆಯನ್ನು ತುಸು ಬದಲಿಸಿ ಇನ್ನೊಂದನ್ನು ಮಾರುಕಟ್ಟೆಗೆ ಬಿಡುತ್ತಾರೆ. ಪೊಟ್ಟಣದ ಹೆಸರು ಒಂದು, ಒಳಗಿನ ಪುಡಿ ಇನ್ನೊಂದು. ಮನೆಯಲ್ಲಿ ಮಾಡುವ ಮೂತ್ರ ಪರೀಕ್ಷೆಯ ಕಿಟ್‌ಗಳಿಗೂ ಇವು ಹಲವು ಸಲ ಸಿಕ್ಕಿಬೀಳುವುದಿಲ್ಲ. ಹಾಗಾಗಿ ‘ನೆಗೆಟಿವ್’ ಎಂದ ಮಾತ್ರಕ್ಕೆ ನಿರಾಳರಾಗಬೇಡಿ.

ನಾನು ಹೆಚ್ಚು ಹೆದರುವುದು ಮೈಯ ಕಾವಿಗೆ. ಎದೆಬಡಿತ, ರಕ್ತದೊತ್ತಡ ಏರುವುದರ ಜೊತೆಗೆ ದೇಹದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಆಗ ಸ್ನಾಯುಗಳು ಒಡೆದು, ಅವುಗಳಿಂದ ಹೊರಬಂದ ಅಂಶ ಮೂತ್ರಪಿಂಡವನ್ನು ಕೆಡಿಸುತ್ತದೆ. ಫಿಟ್ಸ್ ಬರಬಹುದು, ಹೃದಯ ತಾಳ ತಪ್ಪಬಹುದು. ಮಡಿಕೇರಿಯ ಮಂಜಿನಲ್ಲಿ ಒಬ್ಬ ಹುಡುಗ ಬೆವರುತ್ತಾ, ನಡುಗುತ್ತಾ, ದವಡೆ ಕಚ್ಚಿಕೊಂಡು ಕುಳಿತಿದ್ದರೆ ನಮ್ಮ ಕಡೆ ಮೊದಲು ಮಾಡುವುದೇನು? ಕಂಬಳಿ ಹೊದಿಸಿ ಬಿಸಿ ಬೆಲ್ಲದ ಕಾಫಿ ಕೊಡುತ್ತೇವೆ. ಪ್ರೀತಿಯಿಂದಲೇ ಕೊಡುತ್ತೇವೆ, ಆದರೆ ಇಲ್ಲಿ ಎರಡೂ ಕೂಡದು. ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಗಾಳಿ ಬೀಸಿ. ಪ್ರಜ್ಞೆ ತಪ್ಪಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ. ಎಚ್ಚರವಿದ್ದರೂ ಲೀಟರುಗಟ್ಟಲೆ ನೀರು ಕುಡಿಸಬಾರದು. ಎಂಡಿಎಂಎ (‘ಎಕ್ಸ್ಟಸಿ’ ಎಂಬ ಇನ್ನೊಂದು ಪಾರ್ಟಿ ಮಾದಕ) ತೆಗೆದುಕೊಂಡು ಹಾಗೆ ನೀರು ಕುಡಿದವರಲ್ಲಿ ರಕ್ತದ ಸೋಡಿಯಂ ಕುಸಿದು ಮಿದುಳು ಊದಿಕೊಂಡದ್ದುಂಟು.

ಕೂಡಲೇ 108ಕ್ಕೆ ಕರೆ ಮಾಡಿ. ತೋಟದಿಂದ ಮುಖ್ಯರಸ್ತೆ ದೂರವಿದ್ದರೆ ಪಕ್ಕದ ಮನೆಯವರ ಜೀಪನ್ನಾದರೂ ಹೊರಡಿಸಿ. ಈ ವಿಷಕ್ಕೆ ಪ್ರತಿವಿಷವಿಲ್ಲ. ಮೈ ತಂಪಾಗಿಸುವುದು, ಶಮನಕಾರಿ ಔಷಧ ಕೊಡುವುದು, ಇವೇ ಚಿಕಿತ್ಸೆ. ತೆಗೆದುಕೊಂಡದ್ದು ಏನೆಂದು ವೈದ್ಯರಿಗೆ ಮುಚ್ಚಿಡಬೇಡಿ.

ಇನ್ನು ಮಗನ ವಿಷಯ. ಅವನು ಸೇವಿಸಿದ್ದಾನೆಂದು ನೀವು ಬರೆದಿಲ್ಲ. ನಿಮ್ಮ ಮುಂದೆ ಈ ಮಾತೆತ್ತಿದ್ದಾನಲ್ಲ, ಅದನ್ನು ಹಿಡಿದುಕೊಂಡು ಕೂಗಾಡದೆ ನೇರವಾಗಿ ಕೇಳಿ. ಹೌದು ಎಂದರೆ ಉಚಿತ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಇಬ್ಬರೂ ಒಟ್ಟಿಗೆ ಕುಳಿತು ಕರೆ ಮಾಡಿ.