ಕಾರ್ಡ್ ಹೊಸದು, ಸೆಟ್ಟಿಂಗ್ ಹಳೇದು

ಸಿಸ್ಟಮ್ ಜೋಡಿಸಿ ಕೊಡುವ ನಮ್ಮಂಥವರಿಗೆ ಬರುವ ದೂರು ಹೆಚ್ಚುಕಮ್ಮಿ ಒಂದೇ: "ಸರ್, ಇಷ್ಟು ದುಡ್ಡು ಸುರಿದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ, ಗೇಮ್‌ನಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಮೇಲಕ್ಕೇ ಏಳ್ತಿಲ್ಲ. ಬಯಾಸ್‌ನಲ್ಲಿ ಏನಾದ್ರೂ ಮಾಡಬಹುದಾ?" ಮಾಡಬಹುದು. ಆದರೆ ಮದರ್‌ಬೋರ್ಡ್‌ನ ಬಯಾಸ್, ಅಂದರೆ ವಿಂಡೋಸ್‌ಗಿಂತ ಮೊದಲು ಎದ್ದು ಹಾರ್ಡ್‌ವೇರ್ ಸಜ್ಜು ಮಾಡುವ ಪ್ರೋಗ್ರಾಮ್, ಕಾರ್ಡ್‌ಗೆ ಹೊಸ ಶಕ್ತಿ ತುಂಬುವುದಿಲ್ಲ. ಅದರ ದಾರಿಗೆ ಅಡ್ಡ ಇರುವುದನ್ನು ತೆಗೆಯುತ್ತದೆ, ಅಷ್ಟೇ.

ಮೊದಲು ರ‍್ಯಾಮ್ ನೋಡಿ. ವೇಗ 3200 ಎಂದು ಬರೆದಿರುವ ಡಿಡಿಆರ್4 ಸ್ಟಿಕ್ ಎಷ್ಟೋ ಸಲ 2133 ಅಥವಾ 2400ರಲ್ಲಿ ಓಡುತ್ತಿರುತ್ತದೆ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಸ್ಪೀಡ್ ಕಾಣಿಸುತ್ತದೆ. ಕಡಿಮೆ ಇದ್ದರೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಸ್ಟಿಕ್ ಮೇಲೆ ಬರೆದ ವೇಗಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡಿ. ಎಎಂಡಿ ಬೋರ್ಡ್‌ಗಳಲ್ಲಿ ಅದನ್ನೇ ಡಿಒಸಿಪಿ ಅಥವಾ ಎಕ್ಸ್‌ಪೋ ಅಂತ ಕರೆದಿರಬಹುದು. 1080ಪಿಯಲ್ಲಿ ಆಡುವವರಿಗೆ ಇದರ ಲಾಭ ಜಾಸ್ತಿ, ಯಾಕೆಂದರೆ ಅಲ್ಲಿ ಎಷ್ಟೋ ಸಲ ಕಾರ್ಡ್‌ಗಿಂತ ಮೊದಲು ಪ್ರೊಸೆಸರ್ ಸುಸ್ತಾಗುತ್ತದೆ.

ಇನ್ನೊಂದು ರೀಸೈಜಬಲ್ ಬಾರ್. ಕಾರ್ಡ್‌ನಲ್ಲಿ 8 ಜಿಬಿ ಮೆಮೊರಿ ಇದ್ದರೂ ಪ್ರೊಸೆಸರ್‌ಗೆ ಮಾಮೂಲಿಯಾಗಿ ಕಾಣುವುದು ಒಂದು ಸಲಕ್ಕೆ 256 ಎಂಬಿ ಮಾತ್ರ. ಇದನ್ನು ಆನ್ ಮಾಡಿದರೆ ಪೂರ್ತಿ ಕಾಣುತ್ತದೆ. ಎಎಂಡಿ 2020ರಲ್ಲಿ ಆರ್‌ಎಕ್ಸ್ 6000 ಕಾರ್ಡ್‌ಗಳ ಜೊತೆ, ಎನ್ವಿಡಿಯಾ 2021ರಲ್ಲಿ ಆರ್‌ಟಿಎಕ್ಸ್ 30 ಸರಣಿಗೆ ಈ ಸೌಲಭ್ಯ ಕೊಟ್ಟವು. ಕೆಲವು ಗೇಮ್‌ಗಳಲ್ಲಿ ಲಾಭ ಚೆನ್ನಾಗಿರುತ್ತದೆ, ಕೆಲವದರಲ್ಲಿ ಏನೂ ಇಲ್ಲ. ಇಂಟೆಲ್ ಆರ್ಕ್ ಕಾರ್ಡ್ ಇದ್ದವರಿಗಂತೂ ಇದು ಬೇಕೇ ಬೇಕು. ಜಿಟಿಎಕ್ಸ್ 1650, 1660 ಇಟ್ಟುಕೊಂಡವರು ಸುಮ್ನೆ ಹುಡುಕಬೇಡಿ, ಅವಕ್ಕೆ ಇದು ಇಲ್ಲ.

ರೀಸೈಜಬಲ್ ಬಾರ್‌ಗೆ ಬಯಾಸ್‌ನಲ್ಲಿ "ಅಬೋವ್ 4ಜಿ ಡಿಕೋಡಿಂಗ್" (4 ಜಿಬಿಗಿಂತ ಮೇಲಿನ ವಿಳಾಸಗಳನ್ನು ಕಾರ್ಡ್‌ಗೆ ಬಿಟ್ಟುಕೊಡುವ ಸೆಟ್ಟಿಂಗ್) ಆನ್ ಆಗಬೇಕು, ಸಿಎಸ್‌ಎಂ (ಹಳೇ ರೀತಿ ಬೂಟ್ ಆಗಲು ಬಿಡುವ ಸೆಟ್ಟಿಂಗ್) ಆಫ್ ಆಗಬೇಕು. ಜನ ಎಡವುವುದು ಇಲ್ಲೇ. ಪಾರ್ಟಿಶನ್ ಪಟ್ಟಿಯನ್ನು ಹಳೇ ರೀತಿ ಇಡುವ ಎಂಬಿಆರ್ ಡಿಸ್ಕ್‌ನಲ್ಲಿ ವಿಂಡೋಸ್ ಇದ್ದರೆ, ಸಿಎಸ್‌ಎಂ ಆಫ್ ಮಾಡಿದ ಕೂಡಲೇ ಅದು ಬೂಟ್ ಆಗುವುದೇ ಇಲ್ಲ. ಆದ್ದರಿಂದ ಮೊದಲು ಎಂಎಸ್‌ಇನ್ಫೋ32 (ವಿಂಡೋಸ್‌ನ ಸಿಸ್ಟಮ್ ಮಾಹಿತಿ ಪುಟ) ತೆರೆದು "ಬಯಾಸ್ ಮೋಡ್" ಎದುರು ಏನಿದೆ ನೋಡಿ. "ಲೆಗಸಿ" ಅಂತಿದ್ದರೆ ಅಲ್ಲೇ ನಿಲ್ಲಿ. ಬ್ಯಾಕಪ್ ತೆಗೆದುಕೊಂಡು, ವಿಂಡೋಸ್ ಒಳಗೇ ಇರುವ ಎಂಬಿಆರ್2ಜಿಪಿಟಿ ಟೂಲ್‌ನಿಂದ ಅದೇ ಡಿಸ್ಕನ್ನು ಹೊಸ ರೀತಿಯ ಜಿಪಿಟಿಗೆ ಪರಿವರ್ತಿಸಿ. ಪರಿವರ್ತನೆಗೆ ಮುಂಚೆ ಅದೇ ಟೂಲ್‌ನ ವ್ಯಾಲಿಡೇಟ್ (ಡಿಸ್ಕ್ ಪರಿವರ್ತನೆಗೆ ಸರಿಯಿದೆಯಾ ಎಂಬ ಪರೀಕ್ಷೆ) ಓಡಿಸುವುದು ಒಳ್ಳೆಯದು. ನಮ್ಮಲ್ಲಿ ಒಂದೇ ಡಿಸ್ಕನ್ನು ಸಿ, ಡಿ, ಇ, ಎಫ್ ಅಂತ ಹಂಚುವ ಅಭ್ಯಾಸ ಇದೆ ಅಲ್ವಾ? ಈ ಟೂಲ್ ಮೂರಕ್ಕಿಂತ ಜಾಸ್ತಿ ಪ್ರೈಮರಿ ಪಾರ್ಟಿಶನ್ ಒಪ್ಪುವುದಿಲ್ಲ, ಲಾಜಿಕಲ್ ಪಾರ್ಟಿಶನ್ (ಎಕ್ಸ್‌ಟೆಂಡೆಡ್ ಪಾರ್ಟಿಶನ್ ಒಳಗೆ ಮಾಡಿದ ಭಾಗ) ಇದ್ದರಂತೂ ಕೈ ಎತ್ತಿಬಿಡುತ್ತದೆ. ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಆನ್ ಇದ್ದರೆ ಮೊದಲು ಸಸ್ಪೆಂಡ್ ಮಾಡಿ, ರಿಕವರಿ ಕೀ ಬೇರೆ ಕಡೆ ಬರೆದಿಡಿ.

ಬಯಾಸ್‌ನಲ್ಲಿ ಪಿಸಿಐಇ (ಕಾರ್ಡ್ ಕೂರುವ ಸ್ಲಾಟ್‌ನ ಸಂಪರ್ಕ) ಜನರೇಶನ್ "ಆಟೋ"ದಲ್ಲೇ ಇರಲಿ. ರೈಸರ್ ಕೇಬಲ್ (ಕಾರ್ಡನ್ನು ಸ್ಲಾಟ್‌ನಿಂದ ದೂರ ಕೂರಿಸುವ ಕೇಬಲ್) ಹಾಕಿದವರ ಪರದೆ ಕಪ್ಪಾಗುತ್ತಿದ್ದರೆ ಮಾತ್ರ ಜೆನ್ 3ಕ್ಕೆ ಇಳಿಸಿ ನೋಡಿ. ಕಾರ್ಡ್‌ನ ವಿವರ ತೋರಿಸುವ ಜಿಪಿಯು-ಝಡ್ ಟೂಲ್‌ನಲ್ಲಿ ಈ ಸಂಪರ್ಕದ ಜನರೇಶನ್ 1.1 ಎಂದು ಕಂಡರೆ ಗಾಬರಿ ಬೇಡ. ಕಾರ್ಡ್ ಸುಮ್ಮನಿದ್ದಾಗ ಕರೆಂಟ್ ಉಳಿಸಲು ಇಳಿದಿರುತ್ತದೆ, ಲೋಡ್ ಬಿದ್ದಾಗ ಏರುತ್ತದೆ. ಲೋಡ್ ಇದ್ದಾಗಲೂ x16 (ಹದಿನಾರು ಲೇನ್, ಅಂದರೆ ಡೇಟಾ ಓಡುವ ಹದಿನಾರು ದಾರಿಗಳ) ಕಾರ್ಡ್ x4 ಅಂತ ತೋರಿಸಿದರೆ ಕ್ಯಾಬಿನೆಟ್ ಬಿಚ್ಚಿ. ಅದು ಕೆಳಗಿನ ಉದ್ದ ಸ್ಲಾಟ್‌ನಲ್ಲಿ ಕೂತಿರಬಹುದು. ನೋಡಲು ಮೇಲಿನದರಷ್ಟೇ ಉದ್ದ, ಒಳಗೆ ಲೇನ್ ಮಾತ್ರ ಬಹಳ ಬೋರ್ಡ್‌ಗಳಲ್ಲಿ ನಾಲ್ಕೇ.