ಚಕ್ರ ದೊಡ್ಡದಾಯ್ತು, ಸೀಟು ಎಷ್ಟು ಇಳಿಸಬೇಕು?

ಈ ಪ್ರಶ್ನೆ ಬಾರದ ತಿಂಗಳಿಲ್ಲ. ಕೇಳುವವರು ಬೇರೆ ಬೇರೆ, ಕೇಳುವುದು ಮಾತ್ರ ಒಂದೇ: "26 ಇಂಚಿನ ಚಕ್ರದ ಹಳೇ ಎಂಟಿಬಿ (ಮೌಂಟನ್ ಬೈಕ್) ಬಿಟ್ಟು 29ಕ್ಕೆ ಬಂದಿದ್ದೇನೆ. ಚಕ್ರ ದೊಡ್ಡದಲ್ವಾ, ಸೀಟು ಎಷ್ಟು ಇಳಿಸಲಿ?"

ಇಳಿಸಬೇಡಿ. ಒಂದು ಮಿಲಿಮೀಟರ್ ಕೂಡ ಬೇಡ.

ಇಷ್ಟು ಹೇಳಿ ಸುಮ್ನಾದರೆ ಯಾರೂ ನಂಬುವುದಿಲ್ಲ. ಯಾಕಂದ್ರೆ ಚಕ್ರ ದೊಡ್ಡದು, ಸೈಕಲ್ ಎತ್ತರ, ಕಾಲು ನೆಲಕ್ಕೆ ಎಟುಕುತ್ತಿಲ್ಲ, ಆದ್ದರಿಂದ ಸೀಟು ಇಳಿಸಬೇಕು ಅನ್ನೋ ಲೆಕ್ಕ ಕೇಳೋಕೆ ಬಹಳ ಸರಿಯಾಗಿದೆ. ಸರಿಯಾಗಿ ಕೇಳಿಸುವ ತಪ್ಪನ್ನು ಬಿಡಿಸುವುದು ಕಷ್ಟ. ಹಾಗಾಗಿ ಈ ಸಲ ಬೇರು ಸಮೇತ ಕೀಳೋಣ.

ಪೆಡಲ್ ತುಳಿಯುವಾಗ ನಿಮ್ಮ ಕಾಲಿಗೂ ನೆಲಕ್ಕೂ ಸಂಬಂಧವೇ ಇಲ್ಲ. ಕಾಲಿನ ಒಂದು ತುದಿ ಸೀಟಿನಲ್ಲಿದೆ, ಇನ್ನೊಂದು ತುದಿ ಪೆಡಲ್ ಮೇಲಿದೆ. ಈ ಎರಡರ ನಡುವಿನ ದೂರವೇ ಸೀಟಿನ ಎತ್ತರ. ಸೀಟಿಗೂ ನೆಲಕ್ಕೂ ಇರುವ ದೂರವನ್ನು ಮಂಡಿ ಕೇಳುವುದಿಲ್ಲ.

ನಂಬಿಕೆ ಬರಲಿಲ್ವಾ? ಸೈಕಲ್ಲನ್ನು ರಿಪೇರಿ ಸ್ಟ್ಯಾಂಡಿಗೆ ಸಿಕ್ಕಿಸಿ ಎರಡೂ ಚಕ್ರ ಬಿಚ್ಚಿಡಿ. ಈಗ ಅಳತೆ ಟೇಪು ಹಿಡಿದು, ಕ್ರ್ಯಾಂಕ್ (ಪೆಡಲ್ ಸಿಕ್ಕಿಸಿರುವ ತೋಳು) ತಿರುಗುವ ಜಾಗದ ನಡುಮಧ್ಯದಿಂದ, ಅಂದರೆ ಬಾಟಮ್ ಬ್ರಾಕೆಟ್ಟಿನ ನಟ್ಟನಡುವಿನಿಂದ, ಸೀಟ್‌ಪೋಸ್ಟಿನ ಗುಂಟ ಸೀಟಿನ ಮೇಲ್ಮೈವರೆಗೆ ಅಳೆಯಿರಿ. 715 ಮಿ.ಮೀ. ಬಂತು ಅಂತ ಇಟ್ಟುಕೊಳ್ಳಿ. ಚಕ್ರವೇ ಇಲ್ಲದೆ 715. ಬೇಕಾದ ಸೈಜಿನ ಚಕ್ರ ಹಾಕಿ ಮತ್ತೆ ಅಳೆಯಿರಿ, ಆಗಲೂ 715. ಸೈಕಲ್ಲನ್ನು ಎತ್ತಿ ಮೇಜಿನ ಮೇಲಿಟ್ಟರೆ ನೆಲದಿಂದ ಸೀಟು ಆಳುದ್ದ ಮೇಲೆ ಹೋಗುತ್ತದೆ, ಟೇಪು ತೋರಿಸುವುದು ಅದೇ 715.

ಇಲ್ಲಿಗೆ ಬಂದಾಗ ಇನ್ನೊಂದು ವಾದ ಬರುತ್ತದೆ: "ಆದ್ರೂ 26ಕ್ಕೂ 29ಕ್ಕೂ 3 ಇಂಚು ವ್ಯತ್ಯಾಸ ಇದೆಯಲ್ಲ, ಅದೆಲ್ಲಿ ಹೋಯ್ತು?" ಮೊದಲನೆಯದಾಗಿ ಆ 3 ಇಂಚು ಹೆಸರಿನಲ್ಲಿರೋದು. ರಿಮ್ಮಿನಲ್ಲಿ ಟೈರ್ ಕೂರುವ ಜಾಗದ ವ್ಯಾಸ 26ರಲ್ಲಿ 559 ಮಿ.ಮೀ., 27.5ರಲ್ಲಿ 584, 29ರಲ್ಲಿ 622. ಟೈರ್ ದಪ್ಪ ಒಂದೇ ಇದ್ದರೆ 26ರಿಂದ 29ಕ್ಕೆ ವ್ಯಾಸ ಹೆಚ್ಚುವುದು 63 ಮಿ.ಮೀ. ಆಕ್ಸೆಲ್ ಮೇಲೇರುವುದು ಅದರ ಅರ್ಧ, ಅಂದರೆ 31 ಚಿಲ್ಲರೆ. ಎರಡನೆಯದಾಗಿ, ಫ್ರೇಮ್ ಮಾಡುವವರಿಗೆ ಇದು ಗೊತ್ತಿದೆ. 29ರ ಫ್ರೇಮಿನಲ್ಲಿ ಅವರು ಬಾಟಮ್ ಬ್ರಾಕೆಟ್ಟನ್ನು ಆಕ್ಸೆಲ್ ಗೆರೆಯಿಂದ ಸುಮಾರು ಅಷ್ಟೇ ಕೆಳಗೆ ತಂದಿರುತ್ತಾರೆ. ಒಂದೇ ಜಾತಿಯ ಎರಡು ಸೈಕಲ್ ಪಕ್ಕಪಕ್ಕ ನಿಲ್ಲಿಸಿ ನೆಲದಿಂದ ಬಾಟಮ್ ಬ್ರಾಕೆಟ್ಟಿಗೆ ಅಳೆದರೆ ಹೆಚ್ಚುಕಡಿಮೆ ಒಂದೇ ಬರುತ್ತದೆ. ಹಾಗಿದ್ದ ಮೇಲೆ ಸೀಟು ಕೂಡ ನೆಲದಿಂದ ಹೆಚ್ಚುಕಡಿಮೆ ಹಳೇ ಎತ್ತರದಲ್ಲೇ ಇರುತ್ತದೆ. ಎತ್ತರವಾಯ್ತು ಅನ್ನಿಸುವುದು ಮುಂದಿನ ದೊಡ್ಡ ಚಕ್ರ ಕಣ್ಣಿಗೆ ರಾಚುವುದರಿಂದ.

ನನ್ನ ಜೊತೆ ಸವಾರಿಗೆ ಬರುವ ಗೆಳೆಯರೊಬ್ಬರು 29 ತಗೊಂಡ ಮೂರನೇ ವಾರಕ್ಕೆ ಮಂಡಿಯ ಮುಂಭಾಗ ಒತ್ತಿ ಹಿಡಿದುಕೊಂಡು ಬಂದರು. "ಈ ದೊಡ್ಡ ಚಕ್ರ ನನಗಾಗಲ್ಲ" ಅಂದರು. ಅವರ ಹಳೇ ಸೈಕಲ್ ಇನ್ನೂ ಮನೆಯಲ್ಲೇ ಇತ್ತು. ಎರಡನ್ನೂ ಒಂದೇ ಗೋಡೆಗೆ ಒರಗಿಸಿ ಟೇಪು ಹಿಡಿದೆವು. ಹಳೆಯದು 720, ಹೊಸದು 690. ಕ್ರ್ಯಾಂಕ್ ಉದ್ದ ಎರಡರಲ್ಲೂ 175 ಮಿ.ಮೀ. ಯಾರೋ ಹೇಳಿದರು ಅಂತ ಸರಿಯಾಗಿ 3 ಸೆಂ.ಮೀ. ಇಳಿಸಿಬಿಟ್ಟಿದ್ದರು. ಸೀಟು ತಗ್ಗಾದರೆ ಮಂಡಿ ಪ್ರತಿ ಸುತ್ತಿಗೂ ಜಾಸ್ತಿ ಮಡಚುತ್ತದೆ, ಮಂಡಿಚಿಪ್ಪಿನ ಮೇಲೆ ಒತ್ತಡ ಏರುತ್ತದೆ. ಗಂಟೆಗೆ ಕೆಲವು ಸಾವಿರ ಸುತ್ತು ತುಳಿಯುವ ಕಾಲದು, ನೋಯದೆ ಇರುತ್ತಾ? ಸೀಟು 720ಕ್ಕೆ ಏರಿಸಿ, ಸೀಟ್‌ಪೋಸ್ಟಿಗೆ ಇನ್ಸುಲೇಷನ್ ಟೇಪಿನ ಒಂದು ಸುತ್ತು ಹಾಕಿ ಗುರುತು ಮಾಡಿ ಕಳಿಸಿದೆ. ಎರಡು ವಾರದಲ್ಲಿ ನೋವು ಇಳಿಯಿತು. ಚಕ್ರ ಅದೇ 29.

ಇನ್ನು ನಿಂತಾಗ ಕಾಲು ನೆಲಕ್ಕೆ ಎಟುಕುವ ವಿಷಯ. ಸೀಟಿನ ಮೇಲೆ ಕೂತೇ ಎರಡೂ ಪಾದ ಊರುವಂತಿದ್ದರೆ, ತುಳಿಯುವುದಕ್ಕೆ ಆ ಸೀಟು ತಗ್ಗಾಗಿದೆ ಅಂತಲೇ ಅರ್ಥ. ನಿಲ್ಲಿಸುವಾಗ ಸೀಟಿನಿಂದ ಮುಂದೆ ಜಾರಿ ಒಂದು ಕಾಲು ಊರಿ. ಸವಾರಿಯಲ್ಲೇ ಸೀಟು ಇಳಿಸಿ ಏರಿಸಬಹುದಾದ ಡ್ರಾಪರ್ ಪೋಸ್ಟ್ ಇದ್ದರೆ ಬಟನ್ ಒತ್ತಿ ಇಳಿಸಿಕೊಳ್ಳಿ, ಅದು ಇರುವುದೇ ಅದಕ್ಕೆ. ಇದನ್ನು ರೂಢಿ ಮಾಡಿಕೊಳ್ಳಲು ಒಂದು ವಾರ ಸಾಕು.

ಹಾಗಾದರೆ ಏನೂ ಬದಲಾಗುವುದಿಲ್ವಾ? ಬದಲಾಗುತ್ತದೆ. ಎಲ್ಲರೂ ಸೀಟಿನ ಹಿಂದೆ ಬಿದ್ದು ಹ್ಯಾಂಡಲ್ ಮರೆಯುತ್ತಾರೆ. ಚಕ್ರ ದೊಡ್ಡದಾದಾಗ ಅದಕ್ಕೆ ಜಾಗ ಕೊಡಲು ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಕೂಡ ಉದ್ದವಾಗುತ್ತದೆ, ಹಾಗಾಗಿ ಮುಂಭಾಗ ನಿಜವಾಗಿಯೂ ಎತ್ತರ. ಏರು ಹತ್ತುವಾಗ ಮುಂದಿನ ಚಕ್ರ ಅಲೆದಾಡುತ್ತದೆ, ತಿರುವಿನಲ್ಲಿ ಹಿಡಿತ ಸಿಗುವುದಿಲ್ಲ ಅಂತ ಹೇಳುವವರಲ್ಲಿ ಸುಮಾರು ಜನರಿಗೆ ಕಾರಣ ಇದೇ. ಸ್ಟೆಮ್ಮಿನ (ಹ್ಯಾಂಡಲ್ ಹಿಡಿದಿರುವ ತುಂಡಿನ) ಕೆಳಗಿರುವ ಸ್ಪೇಸರ್ ಬಳೆಗಳನ್ನು ಒಂದೊಂದಾಗಿ ತೆಗೆದು ಮೇಲೆ ಹಾಕಿ. ಒಂದು ಸಲಕ್ಕೆ 5 ಮಿ.ಮೀ. ಮಾತ್ರ, ನಡುವೆ ಎರಡು ಮೂರು ಸವಾರಿ ಆಗಲಿ. ಎಲ್ಲ ತೆಗೆದರೂ ಎತ್ತರ ಅನ್ನಿಸಿದರೆ ಎತ್ತರ ಕಡಿಮೆ ಇರುವ ಚಪ್ಪಟೆ ಹ್ಯಾಂಡಲ್ ಹಾಕಬಹುದು.

ಗೇರೂ ಭಾರವಾಗುತ್ತದೆ. 26ರಿಂದ 29ಕ್ಕೆ ಸುಮಾರು ಶೇ. 9, 27.5ರಿಂದ 29ಕ್ಕೆ ಸುಮಾರು ಶೇ. 5. ಮುಂದೆ, ಪೆಡಲ್ ಪಕ್ಕದಲ್ಲಿ, 32 ಹಲ್ಲಿನ ಚೈನ್‌ರಿಂಗ್ ಇದ್ದರೆ 30ಕ್ಕೆ ಇಳಿಸಿದಾಗ ಏರಿನಲ್ಲಿ ಹಳೇ ಉಸಿರಾಟ ವಾಪಸ್ ಬರುತ್ತದೆ. ಚಕ್ರದ ಸುತ್ತು ಎಣಿಸುವ ಮೀಟರ್ ಇದ್ದರೆ ಹೊಸ ಸುತ್ತಳತೆ ಹಾಕುವುದು ಮರೀಬೇಡಿ, ಇಲ್ಲದಿದ್ದರೆ ಓಡಿದ ದೂರವೆಲ್ಲ ಕಡಿಮೆ ತೋರಿಸುತ್ತದೆ.

ಇದುವರೆಗೆ ಹೇಳಿದ್ದು ಸೈಕಲ್ಲೇ ಬದಲಾದವರಿಗೆ. ಅದೇ ಫ್ರೇಮಿನಲ್ಲಿ ಚಕ್ರ ಮಾತ್ರ ಬದಲಿಸುವವರಿಗೆ ಮೊದಲು ಒಂದು ಎಚ್ಚರಿಕೆ. ದೊಡ್ಡ ಚಕ್ರ ತೂರಿಸಿದ ಮೇಲೆ, ಸವಾರಿಗೆ ಹೊರಡುವ ಮುಂಚೆ, ಫೋರ್ಕಿನ ಗಾಳಿ ಪೂರ್ತಿ ತೆಗೆದು, ಅದನ್ನು ತಳದವರೆಗೆ ಅದುಮಿ, ಟೈರ್ ಮೇಲೆ ಫೋರ್ಕಿನ ಕಿರೀಟಕ್ಕೆ (ಎರಡು ಕಾಲು ಕೂಡುವ ಭಾಗಕ್ಕೆ) ತಾಗುತ್ತದಾ ಅಂತ ನೋಡಿ. ನಿಂತಿರುವಾಗ ಎರಡು ಬೆರಳು ಜಾಗ ಕಂಡಿತು ಅಂತ ನಂಬಬೇಡಿ. ಇಳಿಜಾರಿನಲ್ಲಿ ಫೋರ್ಕ್ ಪೂರ್ತಿ ಕುಸಿದಾಗ ಟೈರ್ ತಾಗಿದರೆ ಚಕ್ರ ಅಲ್ಲೇ ನಿಲ್ಲುತ್ತದೆ, ನೀವು ಹ್ಯಾಂಡಲ್ ದಾಟಿ ಮುಂದೆ ಹೋಗುತ್ತೀರಿ.

ಈಗ ಜಾಸ್ತಿ ಜನ ಮಾಡುತ್ತಿರುವುದು ಮುಂದೆ 29 ಉಳಿಸಿಕೊಂಡು ಹಿಂದೆ 27.5 ಹಾಕುವುದು. ಇದಕ್ಕೆ ಮಲೆಟ್ ಅನ್ನುತ್ತಾರೆ. 2019ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ ತನ್ನ ರೇಸುಗಳಲ್ಲಿ ಇದಕ್ಕೆ ಅವಕಾಶ ಕೊಟ್ಟ ಮೇಲೆ ಇದು ಎಲ್ಲೆಡೆ ಹಬ್ಬಿತು. ನಾನೂ ಮಾಡಿಕೊಂಡೆ. ಮೊದಲ ಏರಿನಲ್ಲೇ ಏನೋ ಸರಿಯಿಲ್ಲ ಅನ್ನಿಸಿತು, ಸೀಟಿನ ಹಿಂಭಾಗಕ್ಕೆ ಜಾರುತ್ತಿದ್ದೆ, ಪ್ರತಿ ಎರಡು ನಿಮಿಷಕ್ಕೆ ಮುಂದೆ ಸರಿದು ಕೂರಬೇಕಾಗುತ್ತಿತ್ತು, ತೋಳು ಹ್ಯಾಂಡಲ್ ಹಿಡಿದು ಜಗ್ಗುತ್ತಿತ್ತು. ಮನೆಗೆ ಬಂದು ಸೀಟಿನ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟೆ. ಗುಳ್ಳೆ ಸೀಟಿನ ಮೂತಿಯ ಕಡೆ ಸರಿದು ಕೂತಿತ್ತು.

ಲೆಕ್ಕ ಸುಲಭ. ಹಿಂದಿನ ಆಕ್ಸೆಲ್ 19 ಮಿ.ಮೀ. ಇಳಿಯಿತು. ಎರಡು ಆಕ್ಸೆಲ್‌ಗಳ ನಡುವೆ 1200 ಮಿ.ಮೀ. ಇದ್ದರೆ ಇಡೀ ಫ್ರೇಮ್ ಸುಮಾರು 0.9 ಡಿಗ್ರಿ ಹಿಂದಕ್ಕೆ ವಾಲುತ್ತದೆ. ಒಂದು ಡಿಗ್ರಿ ಏನು ಮಹಾ ಅನ್ನಬೇಡಿ, 700 ಮಿ.ಮೀ. ಎತ್ತರದಲ್ಲಿರುವ ಸೀಟು ಅಷ್ಟಕ್ಕೇ 11 ಮಿ.ಮೀ. ಹಿಂದೆ ಹೋಗುತ್ತದೆ. ಮೂತಿ ಮೇಲಾಗುತ್ತದೆ. ಎತ್ತರ ಮಾತ್ರ ಇಲ್ಲೂ ಹಾಗೇ ಇದೆ, ಟೇಪು ಹಿಡಿದು ನೋಡಿ. ಹಾಗಾಗಿ ಸೀಟಿನ ಬೋಲ್ಟ್ ಸಡಿಲಿಸಿ ಸುಮಾರು ಒಂದು ಸೆಂ.ಮೀ. ಮುಂದೆ ತಳ್ಳಿ, ಮೂತಿಯನ್ನು ಹಳೇ ಕೋನಕ್ಕೆ ತನ್ನಿ. ಮುಂದೆ ತಳ್ಳಿದಾಗ ಸೀಟು ಪೆಡಲ್ಲಿಗೆ 2-3 ಮಿ.ಮೀ. ಹತ್ತಿರವಾಗುತ್ತದೆ, ಅಷ್ಟನ್ನು ಏರಿಸಿ ಹಳೇ ಅಳತೆಗೆ ಕೂರಿಸಿ. ಮೈಭಾರ ಹಿಂದಕ್ಕೆ ಸರಿದಿರುವುದರಿಂದ ಸಸ್ಪೆನ್ಷನ್ ಸ್ಯಾಗ್ (ಕೂತಾಗ ಅದು ಕುಸಿಯುವ ಪ್ರಮಾಣ) ಕೂಡ ಮತ್ತೊಮ್ಮೆ ನೋಡಿ, ಹಿಂದಿನ ಶಾಕ್‌ಗೆ ಸ್ವಲ್ಪ ಗಾಳಿ ಬೇಕಾಗಬಹುದು.

ಇಲ್ಲಿ ಯಾರೂ ಕೇಳದ, ಆದರೆ ಕೇಳಬೇಕಾದ ಒಂದು ವಿಷಯ ಇದೆ. ಅದು ಕ್ರ್ಯಾಂಕ್ ಉದ್ದ. ಮಲೆಟ್ ಮಾಡಿದಾಗ ಬಾಟಮ್ ಬ್ರಾಕೆಟ್ ಸುಮಾರು 12 ಮಿ.ಮೀ. ತಗ್ಗುತ್ತದೆ. ಕಲ್ಲಿನ ದಾರಿಯಲ್ಲಿ ಪೆಡಲ್ ಟಕ್ ಟಕ್ ಅಂತ ಹೊಡೆಯಲು ಶುರುವಾಗುತ್ತದೆ. 175ರ ಕ್ರ್ಯಾಂಕ್ ತೆಗೆದು 165 ಹಾಕಿದರೆ ಕೆಳಗೆ 10 ಮಿ.ಮೀ. ಜಾಗ ವಾಪಸ್ ಸಿಗುತ್ತದೆ. ಸೀಟಿನ ಎತ್ತರ ನಿಜವಾಗಿ ಬದಲಿಸಬೇಕಾಗುವುದು ಈಗ. ತಳದಲ್ಲಿ ಪೆಡಲ್ 10 ಮಿ.ಮೀ. ಮೇಲೆ ಬಂದಿದೆ, ಸೀಟನ್ನೂ ಅಷ್ಟೇ ಏರಿಸಬೇಕು. ನಿಮ್ಮ 715 ಈಗ 725. ಸೀಟು 10 ಮೇಲೆ, ಸುತ್ತಿನ ತುದಿಯಲ್ಲಿ ಪೆಡಲ್ 10 ಕೆಳಗೆ, ಹಾಗಾಗಿ ಮೇಲ್ಗಡೆ ಮಂಡಿಗೆ 20 ಮಿ.ಮೀ. ಬಿಡುವು ಸಿಗುತ್ತದೆ. ಕುಳ್ಳಗಿರುವವರಿಗೂ ಸೊಂಟ ಬಿಗಿ ಇರುವವರಿಗೂ ಇದು ತಕ್ಷಣ ಗೊತ್ತಾಗುತ್ತದೆ.

ಕ್ರ್ಯಾಂಕ್ ಗಿಡ್ಡವಾದರೆ ಗೇರ್ ಭಾರ ಆಗಲ್ವಾ ಅಂತ ಕೇಳಬಹುದು. ಆಗುತ್ತದೆ, ಸುಮಾರು ಶೇ. 6. ಆದರೆ ಹಿಂದಿನ ಚಕ್ರ 29ರಿಂದ 27.5ಕ್ಕೆ ಇಳಿದಾಗಲೇ ಗೇರ್ ಸುಮಾರು ಶೇ. 5 ಹಗುರವಾಗಿದೆ. ಅಲ್ಲಿಂದಲ್ಲಿಗೆ ಸರಿಹೋಗುತ್ತದೆ. ಮಲೆಟ್ ಮಾಡಿಕೊಂಡವರು ಚೈನ್‌ರಿಂಗ್ ಮುಟ್ಟುವ ಅಗತ್ಯವೇ ಇಲ್ಲ, ಸೀಟ್‌ಪೋಸ್ಟಿನ ಟೇಪು ಬಿಚ್ಚಿ 10 ಮಿ.ಮೀ. ಕೆಳಗೆ ಸುತ್ತಿಕೊಂಡರೆ ಆಯ್ತು.