ಕಡತ ಬಿಟ್ಟದ್ದನ್ನು ದೆವ್ವ ಹೇಳಿತು: ಪಾಲ್ ಯೀ ಕತೆಗಳ ಹಿನ್ನೆಲೆ

ಪಾಲ್ ಯೀ ಕೆನಡಾದ ಚೀನೀ ಮೂಲದ ಲೇಖಕರು, ಮಕ್ಕಳಿಗಾಗಿ ದೆವ್ವದ ಕತೆಗಳನ್ನೂ ಬರೆದವರು. ಆ ಕತೆಗಳ ಬೇರು ಹಳೇ ಇತಿಹಾಸದಲ್ಲಿದೆ. 1885ರ ನವೆಂಬರ್ 7. ಕೆನಡಿಯನ್ ಪೆಸಿಫಿಕ್ ರೈಲು ಹಳಿಗೆ ಕೊನೆಯ ಮೊಳೆ ಹೊಡೆದ ದಿನ. ಅವತ್ತಿನ ಫೋಟೋ ಕೆನಡಾದಲ್ಲಿ ಎಲ್ಲರಿಗೂ ಗೊತ್ತು. ಕೋಟು, ಟೋಪಿ ಹಾಕಿಕೊಂಡ ಗಂಡಸರ ಗುಂಪು, ನಡುವೆ ಸುತ್ತಿಗೆ ಹಿಡಿದ ಬಿಳಿಗಡ್ಡದ ಯಜಮಾನರು. ಚೀನೀ ಮುಖ ಮಾತ್ರ ಒಂದೂ ಕಾಣುವುದಿಲ್ಲ. ಕೆನಡಾದ ಪಶ್ಚಿಮ ತುದಿಯ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಬೆಟ್ಟಗಳಲ್ಲಿ ಬಂಡೆ ಸಿಡಿಸಿ ಆ ಹಳಿ ಹಾಕಿದವರು ಸುಮಾರು 15 ಸಾವಿರ ಚೀನೀ ಕೂಲಿಗಳು. ನೂರಾರು ಜನ ಅಲ್ಲೇ ಸತ್ತರು.

ಕೆಲಸ ಮುಗೀತು, ಇನ್ನು ಬರಬೇಡಿ ಅಂದ ಹಾಗಾಯಿತು. ಅದೇ ವರ್ಷ ಸರ್ಕಾರ ಚೀನಾದಿಂದ ಬರುವವರ ಮೇಲೆ 50 ಡಾಲರ್ ತಲೆಗಂದಾಯ ಹಾಕಿತು. 1900ರಲ್ಲಿ ಅದು 100 ಆಯಿತು, 1903ರಲ್ಲಿ 500. 1923ರಲ್ಲಂತೂ ಬಾಗಿಲೇ ಮುಚ್ಚಿತು. ಮತ್ತೆ ತೆರೆದದ್ದು 1947ರಲ್ಲಿ. ಗಂಡ ಅದೇ ಪ್ರಾಂತ್ಯದ ವ್ಯಾಂಕೋವರ್ ನಗರದಲ್ಲಿ, ಹೆಂಡತಿ ಮಕ್ಕಳು ಚೀನಾದ ಊರಲ್ಲಿ. ಎಷ್ಟೋ ಜನರ ಬದುಕು ಹೀಗೇ ಕಳೆದುಹೋಯಿತು. ವ್ಯಾಂಕೋವರಿನ ಚೈನಾಟೌನ್, ಅಂದರೆ ಚೀನೀಯರ ಬಡಾವಣೆ, ಬಹುಕಾಲ ಒಂಟಿ ಗಂಡಸರ ಊರು. ಮಕ್ಕಳೇ ಕಮ್ಮಿ ಇದ್ದ ಕಡೆ ಮಕ್ಕಳ ಪುಸ್ತಕ ಯಾರು ಬರೀತಾರೆ, ಅಲ್ವಾ?

ಪಾಲ್ ಯೀ ಹುಟ್ಟಿದ್ದು 1956ರಲ್ಲಿ, ಸಸ್ಕ್ಯಾಚುವಾನ್ ಪ್ರಾಂತ್ಯದ ಸ್ಪಾಲ್ಡಿಂಗ್ ಎಂಬ ಸಣ್ಣ ಊರಿನಲ್ಲಿ. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ತೀರಿಕೊಂಡರು. ವ್ಯಾಂಕೋವರಿನ ಚೈನಾಟೌನ್ ಕಡೆ ಸಾಕಿ ಬೆಳೆಸಿದ್ದು ಸಂಬಂಧದ ಹೆಂಗಸೊಬ್ಬರು. ಯೀ ಹುಡುಗರಾಗಿದ್ದ ಕಾಲಕ್ಕೇ ನಗರಾಡಳಿತ ಪಕ್ಕದ ಸ್ಟ್ರಾಥ್‌ಕೋನಾದ ಹಳೇ ಮನೆಗಳನ್ನು ಕೆಡವುತ್ತಿತ್ತು. ಆ ಭಾಗದಲ್ಲೇ ದೊಡ್ಡ ಹೆದ್ದಾರಿ ಹಾಯಿಸುವ ಯೋಜನೆಯೂ ಇತ್ತು. 1968ರಲ್ಲಿ ನಿವಾಸಿಗಳು ಸಂಘ ಕಟ್ಟಿಕೊಂಡು ನಿಂತರು. ಬಾಡಿಗೆದಾರರೂ ಮನೆಮಾಲೀಕರೂ ಒಟ್ಟಿಗೆ. ಕೆಡವುವುದು ನಿಂತಿತು.

ಯೀ ಇತಿಹಾಸ ಓದಿದರು, ವ್ಯಾಂಕೋವರ್ ನಗರದ ದಾಖಲೆ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು. ಸಾಹಿತಿ ಆಗಬೇಕು ಅಂತೇನೂ ಹೊರಟವರಲ್ಲ. ಚೈನಾಟೌನ್ ಗೊತ್ತಿದ್ದವರು ಅಂತ ಪ್ರಕಾಶಕರೊಬ್ಬರು ಮಕ್ಕಳ ಪುಸ್ತಕ ಕೇಳಿದರು, ಬರೆದುಕೊಟ್ಟರು. 1983ರಲ್ಲಿ ಅದು ಅಚ್ಚಾಯಿತು. 1988ರಲ್ಲಿ ವ್ಯಾಂಕೋವರಿನ ಚೀನೀಯರ ಸಚಿತ್ರ ಇತಿಹಾಸ 'ಸಾಲ್ಟ್‌ವಾಟರ್ ಸಿಟಿ' ಬಂತು. ಆಮೇಲೆ ಟೊರಾಂಟೊಗೆ ಹೋಗಿ ನೆಲೆಸಿದರು.

ಕಡತ ನೋಡಿಕೊಳ್ಳುವ ಮನುಷ್ಯ ದೆವ್ವದ ಕತೆಗೆ ಯಾಕೆ ಬಂದರು? ನನಗೆ ಕಾಣುವುದು ಇಷ್ಟು. ಸರ್ಕಾರದ ಕಡತದಲ್ಲಿ ತಲೆಗಂದಾಯದ ರಸೀದಿ ಇರುತ್ತದೆ. ಬಂದ ಹಡಗಿನ ಹೆಸರೂ ಸಿಗಬಹುದು. ಹಾಗೆ ಬಂದವನಿಗೆ ರಾತ್ರಿ ಏನು ಭಯವಾಗುತ್ತಿತ್ತು, ಯಾರ ನೆನಪು ಕಾಡುತ್ತಿತ್ತು ಅನ್ನುವುದಕ್ಕೆ ಅಲ್ಲಿ ಕಾಲಂ ಇಲ್ಲ. ಪರದೇಶದಲ್ಲಿ ಸತ್ತವರ ಮೂಳೆಗಳನ್ನು ಕೆಲವು ವರ್ಷಗಳ ಮೇಲೆ ಅಗೆದು ತೆಗೆದು, ತೊಳೆದು, ಹುಟ್ಟೂರಿಗೆ ಕಳಿಸುವ ಪದ್ಧತಿ ಆ ಜನರಲ್ಲಿತ್ತು. ಊರಿನ ಮಣ್ಣು ಸಿಗದಿದ್ದರೆ ಸತ್ತವರಿಗೆ ನೆಮ್ಮದಿಯಿಲ್ಲ ಎಂಬ ನಂಬಿಕೆ. ಇಷ್ಟಿದ್ದ ಮೇಲೆ ದೆವ್ವಗಳನ್ನು ಹೊಸದಾಗಿ ಕಲ್ಪಿಸಿಕೊಳ್ಳಬೇಕೇ? 2003ರ 'ದ ಬೋನ್ ಕಲೆಕ್ಟರ್ಸ್ ಸನ್' ಈ ಮೂಳೆ ಅಗೆಯುವವನ ಮಗನ ಕತೆ. ನಡೆಯುವುದು 1907ರ ವ್ಯಾಂಕೋವರಿನಲ್ಲಿ, ಏಷ್ಯಾದವರ ವಿರುದ್ಧ ಗಲಭೆ ಎದ್ದು ಚೈನಾಟೌನಿನ ಅಂಗಡಿಗಳ ಗಾಜು ಪುಡಿಯಾದ ವರ್ಷ.

ಎಲ್ಲಕ್ಕಿಂತ ಗಟ್ಟಿಯಾದದ್ದು 1996ರ 'ಘೋಸ್ಟ್ ಟ್ರೇನ್'. ಚಿತ್ರಗಳು ಹಾರ್ವಿ ಚಾನ್ ಅವರವು. ಒಂದೇ ಕೈಯಿರುವ ಹುಡುಗಿ ಚೂನ್-ಯೀ, ಚಿತ್ರ ಬರೆಯುವುದರಲ್ಲಿ ಜಾಣೆ. ರೈಲು ಕೆಲಸಕ್ಕೆ ಹೋದ ಅಪ್ಪ ಬಾ ಅಂತ ಕರೆಸಿಕೊಳ್ಳುತ್ತಾನೆ. ಹಡಗು ಹತ್ತಿ ಬಂದರೆ ಅಪ್ಪ ಸತ್ತಿದ್ದಾನೆ. ಸತ್ತ ಅಪ್ಪ ಕನಸಿನಲ್ಲಿ ಬಂದು ರೈಲಿನ ಚಿತ್ರ ಬರೆ ಅನ್ನುತ್ತಾನೆ. ಮಕ್ಕಳಿಗೆ ಇದು ಜಾಸ್ತಿ ಆಯಿತು ಅನ್ನುವವರು ಇರಬಹುದು. ಅಜ್ಜಿ ಹೇಳಿದ ದೆವ್ವದ ಕತೆ ಕೇಳಿ ಬೆಳೆದ ನಮಗೆ ಹಾಗೇನೂ ಅನಿಸುವುದಿಲ್ಲ. ಈ ಪುಸ್ತಕಕ್ಕೆ ಮಕ್ಕಳ ಸಾಹಿತ್ಯದ ಗವರ್ನರ್ ಜನರಲ್ ಪ್ರಶಸ್ತಿ, ಕೆನಡಾದ ದೊಡ್ಡ ಸಾಹಿತ್ಯ ಪ್ರಶಸ್ತಿಗಳಲ್ಲೊಂದು, ಬಂತು. ತಲೆಗಂದಾಯಕ್ಕಾಗಿ ಸರ್ಕಾರ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2006ರಲ್ಲಿ, ಪುಸ್ತಕ ಬಂದು ಹತ್ತು ವರ್ಷವಾದ ಮೇಲೆ.

2015ರಲ್ಲಿ ಯೀ ದೊಡ್ಡವರಿಗಾಗಿ 'ಎ ಸುಪೀರಿಯರ್ ಮ್ಯಾನ್' ಎಂಬ ಕಾದಂಬರಿ ಬರೆದರು. ಕಾಲ ಮತ್ತೆ ಅದೇ 1885. ನಾಯಕ ಯಾಂಗ್ ಹಾಕ್ ರೈಲು ಹಳಿಯಲ್ಲಿ ದುಡಿದವನು, ಜೂಜುಕೋರ. ಅಲ್ಲಿನ ಮೂಲನಿವಾಸಿ ಹೆಂಗಸಿನಲ್ಲಿ ಹುಟ್ಟಿದ ಮಗನನ್ನು ಅವಳಿಗೇ ಒಪ್ಪಿಸಿ ಚೀನಾಕ್ಕೆ ವಾಪಸ್ ಹೋಗಬೇಕು ಅನ್ನುವುದು ಅವನ ಲೆಕ್ಕ. ಅನ್ಯಾಯಕ್ಕೆ ಸಿಕ್ಕವರನ್ನೆಲ್ಲ ಸಾಧುಗಳನ್ನಾಗಿ ಮಾಡುವ ಚಾಳಿ ಯೀ ಅವರಿಗಿಲ್ಲ.